ಬರೀ 1ಗಳ ಸರಾಸರಿ 0.839 ಅಂತೆ!

0.839. ಸೆಮಿನಾರ್‌ನಲ್ಲಿ ಎಲ್ಲರ ಮುಂದೆ ನಾನು ತೋರಿಸಿದ ಟೇಬಲ್‌ನ ಮೊದಲ ಕಾಲಮ್. ಮೂರು ತಿಂಗಳಿಂದ ದಿನಾ ನೋಡುತ್ತಿದ್ದೇನೆ, ಒಂದು ದಿನವೂ ಅನುಮಾನ ಬರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. ದನಿ ಕೂಡ ಏರಿಸಲಿಲ್ಲ. "ಅದು ಕಾನ್‌ಸ್ಟಂಟ್ ಕಾಲಮ್ ಅಲ್ವಾ? ಉದ್ದಕ್ಕೂ ಬರೀ 1 ತಾನೇ ಇರೋದು?" ಹೌದು ಸರ್ ಅಂದೆ. "ಹಾಗಾದ್ರೆ ಸರಾಸರಿ 0.839 ಹೇಗೆ ಬಂತು?" ನಾನು ಏನಂದೆ ಗೊತ್ತಾ? "ರೌಂಡಿಂಗ್ ಇರಬೇಕು ಸರ್." ರೌಂಡಿಂಗ್! ನೂರಕ್ಕೆ ಹದಿನಾರು ರೌಂಡಿಂಗ್! ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಅಂತ ನನಗೂ ಗೊತ್ತು. ನಮ್ಮ ಗೈಡ್ ತಲೆ ಬಗ್ಗಿಸಿ ಲ್ಯಾಪ್‌ಟಾಪ್ ನೋಡುತ್ತಾ ಕೂತರು. ನಾನು ಪಾಯಿಂಟರ್ ಹಿಡಿದು ಆ 0.839ರ ಸುತ್ತ ಕೆಂಪು ಚುಕ್ಕಿ ತಿರುಗಿಸುತ್ತಾ ನಿಂತಿದ್ದೆ. ಕಾಣದೇ ಇದ್ದವರಿಗೂ ಕಾಣಲಿ ಅಂತ!

ಮನೆಗೆ ಬಂದು ಕೆದಕಿದೆ. 2 ಕೋಟಿ ಸಾಲು, ಎಲ್ಲದರಲ್ಲೂ 1. ಮೇಲಿಂದ ಕೆಳಕ್ಕೆ ಕೂಡಿಸಿದರೆ ಲೈಬ್ರರಿ, ಅಂದರೆ ಲೆಕ್ಕಕ್ಕೆ ನಾನು ಬಳಸುವ ರೆಡಿಮೇಡ್ ಕೋಡ್, ಕೊಡುವ ಉತ್ತರ 1,67,77,216. ಅಂದರೆ 2ರ 24ನೇ ಘಾತ. 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ದಶಾಂಶ ಸಂಖ್ಯೆಯನ್ನು 32 ಬಿಟ್ ಜಾಗದಲ್ಲಿ ಇಡುವ ಕ್ರಮದಲ್ಲಿ, ಅದರ ಮುಂದಿನ ಸಂಖ್ಯೆ 1,67,77,218. ನಡುವಿನದಕ್ಕೆ ಜಾಗವೇ ಇಲ್ಲ. ಹಾಗಾಗಿ 1 ಕೂಡಿಸಿದರೂ ಅಲ್ಲೇ, ಮತ್ತೆ ಕೂಡಿಸಿದರೂ ಅಲ್ಲೇ. ಉಳಿದ 32 ಲಕ್ಷ ಸಾಲು ನೀರಿಗೆ ಹಾಕಿದ ಹಾಗೆ. ಅದೇ ಟೇಬಲ್ ಅಡ್ಡಕ್ಕೆ ತಿರುಗಿಸಿಟ್ಟು ಕೂಡಿಸಿದರೆ ಸರಿಯಾಗಿ 2 ಕೋಟಿ! ಆಗ ಮಾತ್ರ ತುಂಡು ತುಂಡಾಗಿ ಕೂಡಿಸಿ ಆಮೇಲೆ ಸೇರಿಸುತ್ತದಂತೆ.

ಸೊನ್ನೆಯಿಂದ ಭಾಗಿಸಿದರೆ ಬಾಯಿ ಬಡಿದುಕೊಳ್ಳುತ್ತದೆ. ಇಲ್ಲಿ ಒಂದು ವಾರ್ನಿಂಗ್ ಕೊಟ್ಟಿದ್ದರೆ ಇದರ ಗಂಟೇನು ಹೋಗುತ್ತಿತ್ತು? ಕ್ರ್ಯಾಶ್ ಆಗಿದ್ದರೂ ಕೈ ಮುಗಿಯುತ್ತಿದ್ದೆ. ಕೇಳಿದರೆ ಇದು ಬಗ್ ಅಲ್ಲ, ಡಾಕ್ಯುಮೆಂಟೇಶನ್‌ನಲ್ಲಿ ಬರೆದಿದೆ ಅನ್ನುತ್ತಾರೆ. ಬರೆದಿದೆ, ನಿಜ. ಓದಿದೆ, ರಾತ್ರಿ ಎರಡು ಗಂಟೆಗೆ.

ಬೈಯೋದಾದರೂ ಯಾರನ್ನ? ಪುಕ್ಕಟೆ ಬರೆದುಕೊಟ್ಟವರನ್ನಾ? ಮೆಮೊರಿ ಉಳಿಸೋಣ ಅಂತ 64 ಬಿಟ್ ತೆಗೆದು 32 ಹಾಕಿದವನು ನಾನೇ. ಅವತ್ತು ಎಷ್ಟು ಬೀಗಿದ್ದೆ ಅಂತೀರಿ! ಅರ್ಧ ಮೆಮೊರಿಯಲ್ಲಿ ಓಡುತ್ತಿದೆ ಅಂತ ಪಕ್ಕದ ಮೇಜಿನವರನ್ನೆಲ್ಲ ಕರೆದು ತೋರಿಸಿದ್ದೆ. ಹೋಗಲಿ, ನನ್ನದೇ ತಪ್ಪು.

ಅಲ್ಲ ಕಣ್ರೀ, ಹೇಗೆ ನನ್ನ ತಪ್ಪು? ಕೂಡುವ ಲೆಕ್ಕ ಅದು! ರಸಾಯನಶಾಸ್ತ್ರದವರ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಹೀಗೇ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತಾ ಸಿಕ್ಕಿಬಿದ್ದದ್ದು 2019ರಲ್ಲಿ. ಡೇಟಾ ಅದೇ, ಕೋಡ್ ಅದೇ, ಆಪರೇಟಿಂಗ್ ಸಿಸ್ಟಮ್ ಬದಲಾದರೆ ಉತ್ತರವೂ ಬದಲು. ಫೈಲ್‌ಗಳನ್ನು ಓದುವ ಕ್ರಮ ಹಿಂದುಮುಂದಾಗುತ್ತಿತ್ತು, ಅಷ್ಟೇ. ಅದನ್ನು ಓದಿ ಸ್ವಲ್ಪ ಸಮಾಧಾನ ಮಾಡಿಕೊಂಡೆ. ನಾಚಿಕೆಯಾಗಬೇಕು ನನಗೆ.

ಯಾರಾದರೂ ಒಬ್ಬರು ಹೇಳಿ. ತಪ್ಪು ಅಂತ ನನಗೆ ಹೇಗೆ ಗೊತ್ತಾಗಬೇಕಿತ್ತು? ಸರಿ ಉತ್ತರ ಮೊದಲೇ ಗೊತ್ತಿದ್ದರೆ ಲೆಕ್ಕ ಯಾಕೆ ಹಾಕುತ್ತಿದ್ದೆ? ನೋಡಿದ ಕೂಡಲೇ ಹಿಡಿಯಬಹುದಾದ ಕಾಲಮ್ ಅದೊಂದೇ. ಅದನ್ನೇ ನಾನು ಹಿಡಿಯಲಿಲ್ಲ. ಉಳಿದ 22 ಕಾಲಮ್ ನೋಡೋಕೆ ಚೆನ್ನಾಗೇ ಇವೆ. ಈಗಷ್ಟೇ ಏಳನೆಯದನ್ನು 64 ಬಿಟ್‌ನಲ್ಲಿ ಮತ್ತೆ ಓಡಿಸಿದೆ. ಅದೂ ಬದಲಾಯಿತು.