ನಮ್ಮ ಮಕ್ಕಳಿಗೂ ಎರಡನೇ ಕರಡು ಬೇಕು

ತುಮಕೂರಿನ ಡಿಗ್ರಿ ಕಾಲೇಜುಗಳ ಮಕ್ಕಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸ್ವಂತವಾಗಿ ಬರೆಯೋಕೆ ಬರಲ್ಲ ಅನ್ನುವ ಮಾತು ಊರಿಗೆ ಬಂದಾಗಲೆಲ್ಲ ಕಿವಿಗೆ ಬೀಳುತ್ತದೆ. ಕನ್ನಡ ಮೀಡಿಯಂ, ಹಳ್ಳಿ ಕಡೆಯವರು, ಗ್ರಾಮರ್ ವೀಕು ಅಂತ ಕಾರಣಗಳೂ ಸಿದ್ಧವಾಗಿಯೇ ಇರುತ್ತವೆ. ನಾನು ಇದನ್ನು ಒಪ್ಪುವುದಿಲ್ಲ. ಅಮೆರಿಕದ ಓಹಿಯೋದಲ್ಲಿ ಕಾಲೇಜೊಂದರ ರೈಟಿಂಗ್ ಸೆಂಟರಿನಲ್ಲಿ ಕೂತು ಮಕ್ಕಳ ಪ್ರಬಂಧ ಓದುವುದೇ ನನ್ನ ಕೆಲಸ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳು ತರುವ ಮೊದಲ ಕರಡು ನೋಡಿದರೆ ನಮ್ಮವರು ಎದೆಗುಂದಬೇಕಾಗಿಲ್ಲ. ಅವರಲ್ಲೂ ಅದೇ ಗೋಜಲು, ಅದೇ ತೇಲಿಸಿದ ಮಾತು. ಆದರೆ ಅವರು ಅದನ್ನೇ ಮತ್ತೆ ಬರೆಯುತ್ತಾರೆ, ಇನ್ನೊಂದು ಸಲವೂ ಬರೆಯುತ್ತಾರೆ. ನಮ್ಮವರನ್ನು ಎರಡನೇ ಸಲ ಬರಿ ಅಂತ ಕೇಳುವವರೇ ಇಲ್ಲ.

ನಾವು ಕಲಿತದ್ದು ಹೇಗೆ ಅಂತ ತುಮಕೂರಿನಲ್ಲಿ ಓದಿದ ಯಾರಿಗೂ ಹೇಳಬೇಕಾಗಿಲ್ಲ. ಮೇಷ್ಟ್ರು ನೋಟ್ಸ್ ಬರೆಸುತ್ತಾರೆ. ಅದು ಸಾಲದಿದ್ದರೆ ಗೈಡ್ ಇದೆ. ಉರು ಹೊಡೆದು ಮೂರು ಗಂಟೆಯಲ್ಲಿ ಬರೆದು ಬಂದರೆ ಆಯಿತು. ಪೇಪರ್ ವ್ಯಾಲ್ಯುಯೇಷನ್‌ಗೆ ಹೋಗುತ್ತದೆ, ಮಾರ್ಕ್ಸ್ ಮಾತ್ರ ವಾಪಸ್ ಬರುತ್ತದೆ. ತಾನು ಬರೆದದ್ದು ಓದಿದವರಿಗೆ ಅರ್ಥವಾಯಿತಾ, ಎಲ್ಲಿ ದಾರಿ ತಪ್ಪಿತು ಅನ್ನುವುದು ಹುಡುಗನಿಗೆ ತಿಳಿಯುವುದೇ ಇಲ್ಲ. ಈ ಪದ್ಧತಿಯಲ್ಲಿ ಒಳ್ಳೆಯದೇನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಟೆನ್ಸು, ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ನಮ್ಮ ಮಕ್ಕಳಿಗೆ ನಾಲಿಗೆ ತುದಿಯಲ್ಲಿರುತ್ತವೆ. ಇಲ್ಲಿ ಅಮೆರಿಕದ ಎಷ್ಟೋ ಮಕ್ಕಳಿಗೆ ವಾಕ್ಯದಲ್ಲಿ ಕ್ರಿಯಾಪದ ಯಾವುದು ಅಂತ ತೋರಿಸಿಕೊಡಬೇಕು.

ಅಮೆರಿಕದ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದಲಿ, ಇತಿಹಾಸ ಓದಲಿ, ಮೊದಲ ವರ್ಷ ಬರವಣಿಗೆಯ ಕೋರ್ಸ್ ಸಾಮಾನ್ಯವಾಗಿ ಎಲ್ಲರಿಗೂ ಇರುತ್ತದೆ. ಹಾರ್ವರ್ಡ್ 1885ರಲ್ಲಿ ಇದನ್ನು ಮೊದಲ ವರ್ಷದವರಿಗೆ ಕಡ್ಡಾಯ ಮಾಡಿತು. ಸೆಮಿಸ್ಟರಿಗೆ ಕೆಲವೇ ಪ್ರಬಂಧ, ಆದರೆ ಪ್ರತಿಯೊಂದಕ್ಕೂ ಕರಡು. ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ನೀನು ಬರೆದದ್ದನ್ನು ನೀನೇ ಗಟ್ಟಿಯಾಗಿ ಓದು. ಪೆನ್ನು ಅವರ ಕೈಯಲ್ಲೇ ಇರುತ್ತದೆ, ನಾನು ಮುಟ್ಟುವುದಿಲ್ಲ. ಪ್ರತಿ ಪ್ಯಾರಾದ ಪಕ್ಕ ಅದು ಹೇಳುವುದೇನು ಅಂತ ಒಂದು ಸಾಲು ಬರೆಯಬೇಕು. ಹಾಗೆ ಬರೆಯಲು ಆಗದಿದ್ದರೆ ಆ ಪ್ಯಾರಾದಲ್ಲಿ ಹುರುಳಿಲ್ಲ ಅಂತ ಅರ್ಥ.

ಇದನ್ನೇ ತುಮಕೂರಿನಲ್ಲಿ ಓದುತ್ತಿರುವ ಅಕ್ಕನ ಮಗಳ ಜೊತೆ ಮಾಡಿ ನೋಡಿದೆ. ಕಾಲೇಜಿನಲ್ಲಿ ಸೌರಶಕ್ತಿಯ ಬಗ್ಗೆ ಅಸೈನ್‌ಮೆಂಟ್ ಕೊಟ್ಟಿದ್ದರು. ‘ಸೋಲಾರ್ ಎನರ್ಜಿ ಈಸ್ ವೆರಿ ಇಂಪಾರ್ಟೆಂಟ್ ಇನ್ ಮಾಡರ್ನ್ ಲೈಫ್’ ಅಂತ ಶುರುವಾಗಿತ್ತು. ತಪ್ಪಿಲ್ಲದ ಇಂಗ್ಲಿಷ್. ಆದರೆ ಎರಡು ಪುಟ ಓದಿದರೂ ಅವಳು ಎಲ್ಲೂ ಕಾಣಲಿಲ್ಲ. ಅವಳ ಅಪ್ಪನ ಊರು ಪಾವಗಡದ ತಿರುಮಣಿ ಹತ್ತಿರ. 2,050 ಮೆಗಾವಾಟಿನ ಸೋಲಾರ್ ಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿರುವುದು ಅಲ್ಲೇ. ಅಲ್ಲಿ ಏನಾಯಿತು ಅಂತ ಕನ್ನಡದಲ್ಲೇ ಕೇಳಿದೆ.

“ಜಮೀನಿದ್ದೋರಿಗೆ ಬಾಡಿಗೆ ಬರುತ್ತೆ ಮಾಮ. ನಮ್ಮ ಹೊಲಕ್ಕೆ ಕೂಲಿಗೆ ಬರ್ತಿದ್ದೋರಿಗೆ ಏನೂ ಬರಲ್ಲ. ಕೆಲವರು ಬೆಂಗಳೂರಿಗೆ ಹೋಗ್ಬಿಟ್ರು” ಅಂದಳು.

“ಇದನ್ನ ಯಾಕಮ್ಮ ಬರೀಲಿಲ್ಲ?”

“ಇದೆಲ್ಲ ಬರೀಬಹುದಾ?”

ಹದಿನೈದು ವರ್ಷ ಶಾಲೆ ಕಾಲೇಜಿಗೆ ಹೋದ ಹುಡುಗಿ ಕೇಳುವ ಪ್ರಶ್ನೆಯಾ ಇದು? ನನಗೆ ನಿಜಕ್ಕೂ ಸಂಕಟವಾಯಿತು. ತನಗೆ ಗೊತ್ತಿರುವುದು ಪ್ರಬಂಧಕ್ಕೆ ಬರುವಂಥದ್ದಲ್ಲ ಅಂತ ಅವಳು ತಿಳಿದುಕೊಂಡಿದ್ದಳು.

ಎರಡನೇ ಕರಡಿನಲ್ಲಿ ಅವಳು ಮೊದಲ ಪ್ಯಾರಾ ಪೂರ್ತಿ ಹೊಡೆದು ಹಾಕಿದಳು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಬಾಡಿಗೆ ರೈತನಿಗೆ ಆಸರೆಯಾಯಿತು, ಭೂಮಿಯೇ ಇಲ್ಲದವರ ಪಾಲಿಗೆ ಕೆಲಸವೇ ಹೋಯಿತು ಅನ್ನುವುದು ಅವಳ ವಾದವಾಯಿತು. ಪಾವಗಡ ಬರಗಾಲದ ಸೀಮೆ, ಬೆಳೆಯೇ ಕೈಗೆ ಹತ್ತದ ಕಡೆ ಈ ದುಡ್ಡೇ ದೊಡ್ಡದಲ್ವಾ ಅನ್ನುವವರೂ ಇದ್ದಾರೆ. ಅವರ ಮಾತಿಗೂ ಒಂದು ಪ್ಯಾರಾ ಕೊಟ್ಟು ಉತ್ತರ ಹೇಳು ಅಂದೆ. ಅದಕ್ಕೆ ಎರಡು ದಿನ ತಿಣುಕಿದಳು.

ಒಂದು ವಿಷಯ ನಮ್ಮ ಮೇಷ್ಟ್ರುಗಳಿಗೆ ಮುಖ್ಯವಾಗಿ ಹೇಳಬೇಕು. ಈ ಎರಡನೇ ಕರಡಿನಲ್ಲಿ ಗ್ರಾಮರ್ ತಪ್ಪು ಮೊದಲಿಗಿಂತ ಜಾಸ್ತಿ ಇತ್ತು. ಟೆನ್ಸು ಹದಗೆಟ್ಟಿತ್ತು, ‘ದಿ’ ಬೇಕಾದ ಕಡೆ ಇರಲಿಲ್ಲ, ಒಂದು ವಾಕ್ಯ ಏಳು ಸಾಲು ಓಡಿತ್ತು. ಇದು ಸಹಜ. ಉರು ಹೊಡೆದ ವಾಕ್ಯ ನೀಟಾಗಿರುತ್ತದೆ, ಯೋಚಿಸಿ ಬರೆದ ವಾಕ್ಯ ಮೊದಲು ಎಡವುತ್ತದೆ. ಆಗ ಕೆಂಪು ಇಂಕು ಸುರಿದರೆ ಮಕ್ಕಳು ವಾಪಸ್ ಗೈಡಿಗೇ ಓಡುತ್ತಾರೆ. ಅದಕ್ಕೇ ಮೊದಲು ನೋಡಬೇಕಾದ್ದು ಏನು ಹೇಳುತ್ತಿದ್ದಾರೆ, ಅದಕ್ಕೆ ಆಧಾರ ಇದೆಯಾ, ಯಾವುದರ ನಂತರ ಯಾವುದು ಬರಬೇಕು ಅನ್ನುವುದನ್ನು. ವಾಕ್ಯಗಳ ಕಡೆ ಗಮನ ಆಮೇಲೆ. ಸ್ಪೆಲಿಂಗು, ಕಾಮಾ ಕೊನೆಗೆ. ನಮ್ಮಲ್ಲಿ ಇದು ಪೂರ್ತಿ ತಿರುಗುಮುರುಗಾಗಿದೆ. ಮೂರನೇ ಕರಡಿಗೆ ಕೂತಾಗ ಆ ಏಳು ಸಾಲಿನ ವಾಕ್ಯವನ್ನು ಅವಳೇ ಗಟ್ಟಿಯಾಗಿ ಓದಿ, ಉಸಿರು ಸಾಲದೆ, ಮೂರು ವಾಕ್ಯ ಮಾಡಿದಳು.

ತೊಂಬತ್ತು ಮಕ್ಕಳ ಕ್ಲಾಸಿನಲ್ಲಿ ಇದೆಲ್ಲ ಆಗುವ ಮಾತಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ಬರವಣಿಗೆ ಅಧ್ಯಾಪಕರ ಸಂಘ ಒಂದು ಕ್ಲಾಸಿಗೆ 20 ಮಕ್ಕಳಿಗಿಂತ ಹೆಚ್ಚು ಬೇಡ ಅನ್ನುತ್ತದೆ. ನಮ್ಮ ಗೆಸ್ಟ್ ಲೆಕ್ಚರರ್‌ಗಳ ಪಾಡು ನೋಡಿದರೆ, ತೊಂಬತ್ತು ಕರಡುಗಳನ್ನು ಪೂರ್ತಿ ಓದಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಎಲ್ಲವನ್ನೂ ಮೇಷ್ಟ್ರೇ ಓದಬೇಕು ಅಂತ ಏನಿಲ್ಲ. ಇಲ್ಲಿ ಅಮೆರಿಕದಲ್ಲೂ ಮೊದಲ ಕರಡನ್ನು ಎಷ್ಟೋ ಸಲ ಓದುವುದು ಪಕ್ಕದ ಬೆಂಚಿನವರೇ. ನಿನಗೆ ಅರ್ಥವಾದದ್ದೇನು, ಎಲ್ಲಿ ಗೊಂದಲವಾಯಿತು, ಇನ್ನೂ ತಿಳಿಯಬೇಕು ಅನ್ನಿಸಿದ್ದು ಯಾವುದು, ಈ ಮೂರಕ್ಕೆ ಜೊತೆಗಾರ ಉತ್ತರ ಬರೆದರೆ ಸಾಕು. ಆ ಚರ್ಚೆ ಕನ್ನಡದಲ್ಲೇ ನಡೆಯಲಿ. ಯೋಚನೆ ಕನ್ನಡದಲ್ಲಿ ಗಟ್ಟಿಯಾದರೆ ಇಂಗ್ಲಿಷಿನಲ್ಲಿ ಬರೆಯುವಾಗ ಅರ್ಧ ಭಾರ ಇಳಿದಿರುತ್ತದೆ. ಮೇಷ್ಟ್ರು ಎಲ್ಲರ ಮೊದಲ ಪ್ಯಾರಾ ಮಾತ್ರ ಓದಲಿ. ಇಂಟರ್ನಲ್ಸ್ ಅಂಕದಲ್ಲಿ ಒಂದು ಪಾಲನ್ನು ಮೊದಲ ಕರಡಿಗೂ ಕೊನೆಯದಕ್ಕೂ ಆದ ಬದಲಾವಣೆಗೆ ಇಡಲಿ.

ಈಗ ಇದು ಇನ್ನೂ ತುರ್ತಾಗಿದೆ. ಚಾಟ್‌ಜಿಪಿಟಿಗೆ ಹೇಳಿದರೆ ಅಚ್ಚುಕಟ್ಟಾದ ಪ್ರಬಂಧ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಈಗ ಅನೇಕ ಅಧ್ಯಾಪಕರು ಕೊನೆಯ ಪ್ರತಿಯ ಜೊತೆ ಹಳೆಯ ಕರಡುಗಳನ್ನೂ ತನ್ನಿ ಅನ್ನುತ್ತಾರೆ. ತಿರುಮಣಿಯ ಕೂಲಿಯವರು ಎಲ್ಲಿ ಹೋದರು ಅಂತ ಊರಿನವರನ್ನು ಕೇಳಿ ಬರೆಯುವ ಕೆಲಸ ಯಂತ್ರಕ್ಕೆ ಆಗುವುದಿಲ್ಲ. ಅದು ಆ ಹುಡುಗಿಯಿಂದಲೇ ಆಗಬೇಕು.

ಪಾವಗಡ, ಮಧುಗಿರಿ, ಶಿರಾ, ತುಮಕೂರು, ಎಲ್ಲಿಯೇ ಆಗಲಿ, ಇಂಗ್ಲಿಷ್ ಮೇಷ್ಟ್ರು ಯಾರಾದರೂ ಮುಂದಿನ ಸೆಮಿಸ್ಟರಿನಲ್ಲಿ ಒಂದೇ ಒಂದು ಪ್ರಬಂಧಕ್ಕೆ ಇದನ್ನು ಮಾಡಿ ನೋಡುವುದಾದರೆ ನಾನು ಜೊತೆಗಿರುತ್ತೇನೆ. ನಿಮ್ಮ ಮಕ್ಕಳ ಕರಡು ಕಳಿಸಿ, ಓದುತ್ತೇನೆ. ನಿಮ್ಮಲ್ಲಿ ಬೆಳಗಿನ ಕ್ಲಾಸು ಶುರುವಾಗುವ ಹೊತ್ತಿಗೆ ಇಲ್ಲಿ ರಾತ್ರಿ ಊಟ ಮುಗಿದಿರುತ್ತದೆ, ವಿಡಿಯೋ ಕಾಲ್‌ನಲ್ಲಿ ಮಕ್ಕಳ ಜೊತೆ ಕೂರಲು ನನಗೆ ಅದು ಒಳ್ಳೆಯ ಸಮಯ.