ಒಂಟಿಕಾಲಿನ 10 ಸೆಕೆಂಡುಗಳು ಏನನ್ನು ಹೇಳುತ್ತವೆ?

ಒಂಟಿಕಾಲಿನಲ್ಲಿ 10 ಸೆಕೆಂಡು ನಿಲ್ಲಲಾಗದ ಹಿರಿಯರು ಬೇಗನೆ ಪರಾವಲಂಬಿಗಳಾಗುತ್ತಾರೆ ಎಂಬ ಸಂದೇಶ ಹಾಸನದ ಮನೆಗಳ ಮೊಬೈಲುಗಳಿಗೂ ಮತ್ತೆ ಮತ್ತೆ ಬರುತ್ತಿದೆ. ಹೆತ್ತವರ ಮೇಲಿನ ಕಾಳಜಿಯಿಂದಲೇ ಅದನ್ನು ಹಂಚುತ್ತಾರೆ. ಆದರೆ ಆ ತೀರ್ಮಾನ ಸರಿಯಲ್ಲ. ಆ ಪರೀಕ್ಷೆ ಅಳೆಯುವುದು ಸಮತೋಲನವನ್ನು, ಸ್ವಾವಲಂಬನೆಯನ್ನಲ್ಲ. ಸ್ವಾವಲಂಬನೆಯನ್ನು ಅಳೆಯುವ 1963ರ ಕಾಟ್ಜ್ ಸೂಚ್ಯಂಕ ಸ್ನಾನ, ಉಡುಪು, ಊಟದಂತಹ 6 ಮೂಲ ಕೆಲಸಗಳನ್ನು ನೋಡುತ್ತದೆ. ಆರೋಗ್ಯವಂತ ಹಿರಿಯರಲ್ಲಿ ಹೆಚ್ಚಿನವರು ಅದರಲ್ಲಿ ಪೂರ್ಣ ಅಂಕ ಪಡೆಯುವುದರಿಂದ, ಸಣ್ಣ ಬದಲಾವಣೆಗಳನ್ನು ಗುರುತಿಸಲು 1969ರ ಲಾಟನ್–ಬ್ರಾಡಿ ಮಾಪಕದಂತೆ ಹಣಕಾಸು, ಔಷಧಿ, ಪ್ರಯಾಣ, ಅಡುಗೆಗಳ ಬಗ್ಗೆಯೂ ಕೇಳಬೇಕಾಗುತ್ತದೆ. ಬೇಲೂರಿನಿಂದ ಒಬ್ಬರೇ ಬಸ್ಸಿನಲ್ಲಿ ಹಾಸನಕ್ಕೆ ಬಂದು ಬ್ಯಾಂಕಿನ ಕೆಲಸ ಮುಗಿಸುವ ಅಜ್ಜಿ, ಮೊಣಕಾಲು ನೋವಿದ್ದರೆ ಒಂಟಿಕಾಲಿನಲ್ಲಿ ನಿಲ್ಲಲಾಗದೆ ಇರಬಹುದು. ಇಂತಹ ಸಂದೇಶ ಬಂದಾಗ ಮೂಲ ಅಧ್ಯಯನದ ಉಲ್ಲೇಖವಿದೆಯೇ, ಅದು ಯಾವ ವಯಸ್ಸಿನವರಲ್ಲಿ ಏನನ್ನು ಅಳೆಯಿತು, ‘ಸಂಬಂಧವಿದೆ’ ಎಂದದ್ದನ್ನು ‘ಹೀಗೇ ಆಗುತ್ತದೆ’ ಎಂದು ತಿರುಗಿಸಲಾಗಿದೆಯೇ ಎಂದು ನೋಡಿ. ಹಿರಿಯರು ಆಸರೆಯಿಲ್ಲದೆ ಒಂಟಿಕಾಲಿನಲ್ಲಿ ನಿಲ್ಲಲು ಪ್ರಯತ್ನಿಸದಿರಲಿ.