ಒಣಗಿದ ಹೂ ಕತ್ತರಿಸುವ ಮುನ್ನ

ನಮ್ಮ ತೋಟದ ಎಕಿನೇಶಿಯಾ (ನೇರಳೆ ಕೋನ್‌ಫ್ಲವರ್ ಅಂತಲೂ ಕರೀತಾರೆ) ಒಣಗಿ ಕಪ್ಪಾಗಿ ನಿಂತಾಗ ನೋಡಿದವರೆಲ್ಲ ಕೇಳೋದು ಒಂದೇ: 'ಇದನ್ನಿನ್ನೂ ಕತ್ತರಿಸಿಲ್ವಾ?' ಕತ್ತರಿಸಿಲ್ಲ, ಕತ್ತರಿಸೋದೂ ಇಲ್ಲ. ಯಾಕೆ ಅಂತ ಬರೆದೇಬಿಡ್ತೀನಿ.

ಇದು ಉತ್ತರ ಅಮೆರಿಕದ ಹುಲ್ಲುಗಾವಲಿನ ಗಿಡ. ಅಲ್ಲಿನ ಎತ್ತರದ ಹುಲ್ಲಿನ ಬಯಲುಗಳಲ್ಲಿ ಈಗ ಉಳಿದಿರುವುದು ಶೇ. 4ಕ್ಕೂ ಕಡಿಮೆ, ಮಿಕ್ಕಿದ್ದು ಬಹುಪಾಲು ಹೊಲವಾಗಿದೆ. ಆ ಬಯಲನ್ನೇ ನಂಬಿದ್ದ ಹಕ್ಕಿ, ಹುಳಕ್ಕೆ ಹಿತ್ತಲಿನ ನಾಲ್ಕು ಗಿಡವೂ ದೊಡ್ಡದು.

ಹೂವನ್ನೊಮ್ಮೆ ಬಗ್ಗಿ ನೋಡಿ. ಸುತ್ತ ಜೋತುಬಿದ್ದ ನೇರಳೆ ಎಸಳುಗಳು ಬೀಜ ಕಟ್ಟುವುದಿಲ್ಲ, ಅವು ಬರೀ ಕರೆಯೋಲೆ. ನಿಜವಾದ ಹೂಗಳಿರುವುದು ನಡುವಿನ ಕಿತ್ತಳೆ ಬಣ್ಣದ ಮುಳ್ಳುಮುಳ್ಳು ಉಬ್ಬಿನಲ್ಲಿ, ನೂರಾರು. ಮೊದಲು ಅಂಚಿನ ಸಾಲು ಅರಳುತ್ತದೆ, ಆಮೇಲೆ ಅದರ ಒಳಗಿನದು, ಹೀಗೇ ದಿನದಿನವೂ ಮೇಲಕ್ಕೆ. ದುಂಬಿ ಬಂದರೆ ಆ ಸಾಲಿನ ಮೇಲೆಯೇ ಪ್ರದಕ್ಷಿಣೆ ಹಾಕುತ್ತದೆ, ಒಂದೊಂದಕ್ಕೂ ನಾಲಿಗೆ ಇಳಿಸುತ್ತಾ.

ಮೊದಲ ಸಲ ನರ್ಸರಿಯೊಂದರಿಂದ ಡಬಲ್ ಹೂವಿನ ತಳಿ ತಂದಿದ್ದೆ. ಚೆಂಡಿನಂತೆ ತುಂಬಿಕೊಂಡು ಚೆಂದವೇ ಇತ್ತು. ಆದರೆ ನಡುವಿನ ಹೂಗಳೆಲ್ಲ ಎಸಳಾಗಿಬಿಟ್ಟಿದ್ದವು. ಬೇಸಿಗೆಯಿಡೀ ಕಾದರೂ ಒಂದು ದುಂಬಿ ಕೂರಲಿಲ್ಲ. ಬೇಜಾರಾಗಿ ಕಿತ್ತು, ಸಾದಾ ತಳಿಯ ಬೀಜ ಹಾಕಿದೆ. ಒದ್ದೆ ಮರಳಿನಲ್ಲಿ ಬೆರೆಸಿ ಒಂದು ತಿಂಗಳು ಫ್ರಿಜ್ಜಿನಲ್ಲಿಟ್ಟರೆ ಚೆನ್ನಾಗಿ ಮೊಳೆಯುತ್ತದೆ. ಮೊದಲ ವರ್ಷ ಸಾಮಾನ್ಯವಾಗಿ ಎಲೆ ಮಾತ್ರ, ಸತ್ತಿತೆಂದು ಅಗೆಯಬೇಡಿ. ಬಿಸಿಲು ಬೇಕು, ನೀರು ನಿಲ್ಲಬಾರದು. ಗೊಬ್ಬರ ಹೆಚ್ಚಾದರೆ ಕಾಂಡ ಮೆತ್ತಗಾಗಿ ಬೀಳುತ್ತದೆ.

ಇನ್ನು ಆ ಒಣ ಹೂ. ಬೇಸಿಗೆ ಮುಗಿಯುವ ಹೊತ್ತಿಗೆ ಗೋಲ್ಡ್‌ಫಿಂಚ್ ಅನ್ನುವ ಪುಟ್ಟ ಹಕ್ಕಿಗಳು ಬಂದು ಅದರ ನೆತ್ತಿಯ ಮೇಲೆ ಕೂರುತ್ತವೆ. ಕಾಂಡ ತೂಗುತ್ತಿದ್ದರೂ ಹಿಡಿತ ಬಿಡದೆ, ಮುಳ್ಳಿನ ಸಂದಿಗೆ ಕೊಕ್ಕು ತೂರಿಸಿ ಬೀಜ ಎಳೆದು, ಸಿಪ್ಪೆ ಉದುರಿಸಿ ತಿನ್ನುತ್ತವೆ. ಹಿಮ ಬಿದ್ದ ಮೇಲೂ ಬರುತ್ತವೆ. ನೆಲದ ಮೇಲಿನ ಬೀಜವೆಲ್ಲ ಹೂತುಹೋದಾಗ ಇದೊಂದು ಮೂರಡಿ ಎತ್ತರದಲ್ಲಿ ನಿಂತಿರುತ್ತದೆ. ಒಣಗಿದ್ದೆಲ್ಲ ಕಸ ಅನ್ನುವ ಅಭ್ಯಾಸವನ್ನು ತೋಟದ ವಿಷಯದಲ್ಲಾದರೂ ಬಿಡಬೇಕು ಅಂತ ಕೈಮುಗಿದು ಹೇಳ್ತೀನಿ.

ಚಳಿಗಾಲ ಕಳೆದ ಮೇಲೆ ಕತ್ತರಿಸುವಾಗಲೂ ಬುಡದವರೆಗೆ ಹೋಗದೆ ಒಂದೆರಡು ಅಡಿ ಮೋಟು ಬಿಡಿ. ಗುಂಪು ಕಟ್ಟದೆ ಒಂಟಿಯಾಗಿ ಬದುಕುವ ಪುಟ್ಟ ಜೇನುಗಳು ಕಾಂಡದ ಬೆಂಡು ಕೊರೆದು ಗೂಡು ಮಾಡುತ್ತವೆ. ಈ ಸಲ ಒಂದು ಮೋಟಿನ ತುದಿಯಲ್ಲಿ ಸಾಸಿವೆ ಗಾತ್ರದ ತೂತು, ಕೆಳಗಿನ ಎಲೆಯ ಮೇಲೆ ಚಿಟಿಕೆ ಹೊಟ್ಟು ಕಂಡೆ. ಅಂದಿನಿಂದ ಆ ಕಡೆ ಕತ್ತರಿ ಒಯ್ದಿಲ್ಲ.